ಬಾಳ್ಳುಪೇಟೆ ಮಾರ್ಗವಾಗಿ ಗುಡ್ಡದ ತುದಿ

ಗುಡ್ಡ ಹತ್ತುವುದನ್ನು ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಕ್ಸೇವಿಯರ್ ಸಕಲೇಶಪುರದ ತನ್ನ ಕಾಫಿ ಮಂಡಿಗೆ ಬಂದವರಿಗೆಲ್ಲ ವಾರವಿಡೀ ಸಾರಿದ್ದ. ಉಳಿದವರು ತುದಿ ಮುಟ್ಟುವಷ್ಟರಲ್ಲಿ ತಾನು ಅಲ್ಲೊಂದು ನಿದ್ದೆ ತೆಗೆದು ಎದ್ದಿರುತ್ತೇನೆ ಎಂದೂ ಸೇರಿಸಿದ್ದ.

ಕರ್ತವ್ಯದಲ್ಲಿ ಮಡಿದ ಪೊಲೀಸರ ನೆನಪಿಗೆ, ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಯ ನೆರವಿಗೆ ಇನ್ಸ್‌ಪೆಕ್ಟರ್ ನವೀನ್‌ಕುಮಾರ್ ಆ ಶನಿವಾರ ಬಾಳ್ಳುಪೇಟೆ ಸಮೀಪದ ಗುಡ್ಡಕ್ಕೆ ಚಾರಣ ಏರ್ಪಡಿಸಿದ್ದರು. ನಡೆಯುವವರ ಜೇಬಿನಲ್ಲಿ ಮಡಿದ ಒಬ್ಬೊಬ್ಬರ ಹೆಸರಿನ ಚೀಟಿ. ಆ ಮಕ್ಕಳಲ್ಲಿ ಕೆಲವರೂ ಜೊತೆಗೆ ಬಂದಿದ್ದರು. ತುದಿಯಲ್ಲಿ ಎಲ್ಲ ಹೆಸರೂ ಓದಿದ ಮೇಲೇ ಊಟ. ಕ್ಸೇವಿಯರ್ ಜೇಬಿನಲ್ಲಿದ್ದದ್ದು ಸಬ್ ಇನ್ಸ್‌ಪೆಕ್ಟರ್ ಅಲ್ವಿನ್ ಹೆಸರು. ನೆರೆಯಲ್ಲಿ ಸಿಕ್ಕಿಬಿದ್ದವರನ್ನೆಲ್ಲ ದಡ ಮುಟ್ಟಿಸಿ ತಾನು ಮಾತ್ರ ಮುಟ್ಟದೆ ಹೋದ ಅಲ್ವಿನ್, ಕ್ಸೇವಿಯರನ ಹೆಂಡತಿ ಲೂಯಿಜಾಳ ತಮ್ಮ. ಚೀಟಿಯನ್ನು ಅವಳೇ ಕೇಳಿದ್ದಳು. ನಿನಗೆ ತುದಿ ತಲುಪಲು ಆಗುವುದಿಲ್ಲ ಎಂದು ಇವನು ಕಿತ್ತುಕೊಂಡಿದ್ದ.

ಮೊದಲ ಏರಿನಲ್ಲಿ ಕ್ಸೇವಿಯರ್ ಎಲ್ಲರಿಗಿಂತ ಮುಂದಿದ್ದ. ಎರಡನೆಯದರಲ್ಲಿ ನಡುವೆ ಬಿದ್ದ. ಜೀಪು ದಾರಿ ಸಿಕ್ಕುವ ಹೊತ್ತಿಗೆ ಅವನ ಮುಂದೆ ಹೊಟ್ಟೆ, ಹಿಂದೆ ಯಾರೂ ಇಲ್ಲ. ಲೇಸ್ ಕಟ್ಟುವ ನೆಪ ಮಾಡಿ ಲೂಯಿಜಾಳನ್ನೂ ಮುಂದೆ ಕಳಿಸಿದ. ಪಕ್ಕದಲ್ಲೇ ನೀರಿನ ಕ್ಯಾನ್ ತಂದಿದ್ದ ಪಿಕಪ್ ಮೇಲ್ಮುಖವಾಗಿ ನಿಂತಿತ್ತು. ಸ್ವರ್ಗದಿಂದಲೇ ಇಳಿದ ರಥ! ಟಾರ್ಪಾಲಿನ ಅಡಿ ನುಸುಳಿ ಮಲಗಿದ.

ಕಣ್ಣು ಬಿಟ್ಟಾಗ ಟಾರ್ಪಾಲು ಎತ್ತಿ ಹಿಡಿದ ಡ್ರೈವರ್ ಮಹೇಶ್ ಗಾಬರಿಯಿಂದ ನೋಡುತ್ತಿದ್ದ. ಸುತ್ತ ಲಾರಿಗಳು, ಅಂಗಡಿಗಳು. ಮಜ್ಜಿಗೆ ಪ್ಯಾಕೆಟ್ ತುಂಬಿಸಲು ಗಾಡಿ ಬಾಳ್ಳುಪೇಟೆಗೆ ಬಂದಿತ್ತು.

"ಗಾಡಿ ತುದಿಗೆ ಹೋಗುತ್ತೆ ಅಂದ್ಕೊಂಡೆ ಮಾರಾಯ."

"ತುದಿಗೆಲ್ಲಿ ರೋಡೈತೆ ಕಣಣ್ಣ?"

ಅಷ್ಟರಲ್ಲಿ ಫೋನ್ ಬಂತು. ಎಲ್ಲಿದ್ದೀರಿ ಎಂದು ಲೂಯಿಜಾ ಕೇಳಿದಳು. ಇನ್ನೇನು ಬಂದೆ, ಕೊನೆಯ ತಿರುವಿನಲ್ಲಿದ್ದೇನೆ ಎಂದ. ಅದೇ ಕ್ಷಣ ಬೆನ್ನ ಹಿಂದೆ ಕಂಡಕ್ಟರ್ ಗಂಟಲು ಹರಿದುಕೊಂಡ: "ಆಲೂರು, ಹಾಸನ! ಆಲೂರು, ಹಾಸನ!"



"ಕೊನೇ ತಿರುವಿಗೆ ಹಾಸನದ ಬಸ್ಸು ಯಾವಾಗಿಂದ ಬರ್ತಿದೆ ರೀ?" ಅವಳ ದನಿ ಮೆತ್ತಗಾಯಿತು. "ಮಕ್ಕಳಿಗೆ ಊಟ ಕೊಟ್ಟಾಯ್ತು. ನಾವೆಲ್ಲ ಕಾಯ್ತಿದ್ದೀವಿ. ಅಲ್ವಿನ್ ಹೆಸರೊಂದೇ ಬಾಕಿ."

ಅರ್ಧ ದಾರಿಯವರೆಗೆ ಬಿಡುತ್ತೇನೆಂದು ಮಹೇಶ್ ಹೇಳಿದ. ಕ್ಸೇವಿಯರ್ ಜೇಬು ಮುಟ್ಟಿ ನೋಡಿಕೊಂಡ. ಆ ಹೆಸರಿಟ್ಟುಕೊಂಡು ಮತ್ತೆ ಟಾರ್ಪಾಲಿನ ಅಡಿ ಹೋಗಲು ಮನಸ್ಸಾಗಲಿಲ್ಲ. ಮಹೇಶನ ಪಕ್ಕ ಕೂತು ಬಂದು, ಗುಡ್ಡದ ಬುಡದಲ್ಲೇ ಇಳಿದು ನಡೆದ. ಕೂತ, ಎದ್ದ, ಕಡೆಕಡೆಗೆ ಹುಲ್ಲು ಹಿಡಿದು ತೆವಳಿದ.

ತುದಿಯಲ್ಲಿ ಹಸಿದ ಪೊಲೀಸರ ಸಾಲು. ಅವರು ಸರದಿಯಂತೆ ಹೆಗಲ ಮೇಲೆ ಹೊತ್ತು ತಂದಿದ್ದ ಪುಟ್ಟ ಸುಚಿತ್ರಾ ಕೈಯಲ್ಲಿ ಪೊಲೀಸ್ ಸೀಟಿ. ರಕ್ತದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ ಅವಳದು ಒಂದೊಂದು ಹೆಸರಿಗೂ ಸೀಟಿ ಊದುವ ಕೆಲಸ. ಕ್ಸೇವಿಯರ್ ಚೀಟಿ ತೆರೆದ. ಏದುಸಿರಿಗೆ ಮಾತು ಹೊರಡಲಿಲ್ಲ. ಲೂಯಿಜಾ ಪಕ್ಕಕ್ಕೆ ಬಂದಳು. ಚೀಟಿಯನ್ನು ಅವಳ ಕೈಗಿಟ್ಟ. ಅವಳು ಓದಿದಳು, ಸುಚಿತ್ರಾ ಉಸಿರು ಮುಗಿಯುವವರೆಗೂ ಊದಿದಳು.

ಊಟವಾದ ಮೇಲೆ, ಫೋನಿನ ಮಾತು ಲೂಯಿಜಾಳಿಂದ ತಿಳಿದಿದ್ದ ನವೀನ್‌ಕುಮಾರ್, ಅರ್ಧ ಹತ್ತಿ, ಇಳಿದು, ಮತ್ತೆ ಪೂರ್ತಿ ಹತ್ತಿದವರು ಇವರೊಬ್ಬರೇ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಕ್ಸೇವಿಯರ್ ತಲೆ ತಗ್ಗಿಸಿ, ಇಳಿದದ್ದು ನಡೆದಲ್ಲ, ಮಲಗಿಕೊಂಡು ಎಂದು ಒಪ್ಪಿಕೊಂಡ. ಪೊಲೀಸರು ಬಿದ್ದು ಬಿದ್ದು ನಕ್ಕರು.

ನಗು ತಡೆದುಕೊಂಡು ಇನ್ಸ್‌ಪೆಕ್ಟರು, ಕಾಲು ಮಡಚಲೂ ಆಗದ ಅವನಿಗಾಗಿ ಪಿಕಪ್ಪನ್ನು ಜೀಪು ದಾರಿಗೆ ಕರೆಸಲೇ ಎಂದು ಕೇಳಿದರು. ಕ್ಸೇವಿಯರ್ ಬಾಯಿ ತೆರೆಯುವ ಮೊದಲೇ ಲೂಯಿಜಾ ಹೇಳಿದಳು:

"ಬೇಡ ಸಾರ್. ಹತ್ತೋದು ಒಂದೂವರೆ ಸಲ ಆಗಿದೆ. ಇಳಿಯೋದು ಇನ್ನೂ ಒಂದು ಸಲಾನೂ ಆಗಿಲ್ಲ."