ಟಬ್ ಫುಲ್

ಬೆಳಿಗ್ಗೆ ಹೆಂಡತಿಯ ಫೋನು ಬಂದಾಗ ಕಂಡಕ್ಟರರು ಟೆರೇಸಿನಲ್ಲಿ ಒಂದು ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸತ್ತವರ ಗುರುತು ಹಿಡಿಯುತ್ತಿದ್ದರು. ಇದು ಟೊಮೆಟೊ ಇರಬೇಕು. ಇದು ಪುದೀನ ಇದ್ದರೂ ಇರಬಹುದು.

"ರೀ, ಸಂಜೆ ಬರ್ತಿದೀನಿ. ಟೊಮೆಟೊ ಹಣ್ಣಾಯ್ತಾ?"

"ಕೆಂಪಗಾಗ್ತಿದೆ" ಅಂದರು. ಕೆಂಪಗಾಗುತ್ತಿದ್ದದ್ದು ಅವರ ಕಿವಿ ಮಾತ್ರ.

ಆದದ್ದಿಷ್ಟು. ಮಗಳ ಹೆರಿಗೆಗೆಂದು ಹೊರಟ ಹೆಂಡತಿ ಟೆರೇಸಿನ ಸಸಿಗಳನ್ನು ಗಂಡನ ಕೈಗೊಪ್ಪಿಸಿ ಹೋಗಿದ್ದರು. ಅಲ್ಲಿಯವರೆಗೆ ಹಾಲು ಉಕ್ಕದಂತೆ ನೋಡಿಕೊಳ್ಳುವುದನ್ನೂ ಅವರಿಗೆ ಒಪ್ಪಿಸದಿದ್ದ ಹೆಂಗಸು! ರಿಟೈರಾದ ಮೇಲೆ ಮೊದಲ ಸಲ ಕಂಡಕ್ಟರರ ಎದೆ ಉಬ್ಬಿತು. ಆದರೆ ಕುಂಡಕ್ಕೊಂದೊಂದೇ ಸಸಿ ನೋಡಿ ಕರುಳು ಚುರುಕ್ಕೆಂದಿತು. ಜೀವಮಾನವಿಡೀ "ಹಿಂದೆ ಜಾಗ ಇದೆ, ಒಳಗೆ ಹೋಗಿ" ಎಂದು ಬಸ್ಸು ತುಂಬಿಸಿದ ಮನುಷ್ಯ. ಖಾಲಿ ಜಾಗ ಕಂಡರೆ ಅನ್ನ ಚೆಲ್ಲಿದಷ್ಟು ಸಂಕಟ. ಬಟ್ಟೆ ನೆನೆಸುವ ಟಬ್ಬಿಗೆ ಮಣ್ಣು ತುಂಬಿ, ಅಷ್ಟನ್ನೂ ಅದಕ್ಕೇ ಹತ್ತಿಸಿದರು. ಬದನೆಯ ಹೆಗಲ ಮೇಲೆ ಟೊಮೆಟೊ, ಅದರ ಕಂಕುಳಲ್ಲಿ ಸೇವಂತಿಗೆ, ಫುಟ್‌ಬೋರ್ಡಿನಲ್ಲಿ ಪುದೀನ. ಟಬ್ಬಿಗೆ ತೂತು ಕೊರೆಯಲಿಲ್ಲ. ಬಸ್ಸಿನ ತಳಕ್ಕೆ ಯಾರಾದರೂ ತೂತು ಕೊರೆಯುತ್ತಾರೆಯೇ? ಪ್ರೀತಿ ಉಕ್ಕಿದಾಗೆಲ್ಲ ನೀರು ಸುರಿದರು. ವಾರದೊಳಗೆ ಪ್ರಯಾಣಿಕರೆಲ್ಲ ಒಬ್ಬರ ಮೇಲೊಬ್ಬರು ಒರಗಿ ಕಣ್ಣು ಮುಚ್ಚಿದರು.

ನಿಜ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಹೆಂಡತಿ ಅಷ್ಟು ಆಸೆಯಿಂದ ಕೇಳಿದಾಗ "ಎರಡೆಲೆ ಬಿಟ್ಟಿದೆ" ಅಂದುಬಿಟ್ಟರು. ಎಲೆ ಬಿಟ್ಟ ಮೇಲೆ ಮೊಗ್ಗು ಬಿಡದಿರುತ್ತದೆಯೇ? ಮೊಗ್ಗಾದ ಮೇಲೆ ಹೂವು, ಕಾಯಿ. ಸುಳ್ಳಿನ ತೋಟಕ್ಕೆ ಗೊಬ್ಬರವೂ ಬೇಡ.

ಸಂಜೆಯೊಳಗೆ ಗಿಡ ಬೇಕಿತ್ತು. ಎದುರುಮನೆಯ ನರ್ಸಮ್ಮನ ಬಾಗಿಲು ತಟ್ಟಿ ಎಲ್ಲ ಹೇಳಿಕೊಂಡರು. ಕೇಳುವಷ್ಟು ಹೊತ್ತೂ ಆಕೆಗೆ ಕೆಮ್ಮು.

"ಟೊಮೆಟೊ ಇದೆ ಅಣ್ಣಾ. ಆದ್ರೆ ಹೆತ್ತ ಮಗು ಥರ ಸಾಕಿದೀನಿ. ಸುಮ್ನೆ ಹೆಂಗ್ ಕೊಡ್ಲಿ?"

ಸ್ಟೂಲು ಹತ್ತಿ ಅವರ ಮನೆಯ ಫ್ಯಾನುಗಳನ್ನೆಲ್ಲ ಒರೆಸಿ ಇಳಿದಾಗ ಕಂಡಕ್ಟರರು ಬೂದುಗುಂಬಳದ ಹಾಗಿದ್ದರು. ಗಿಡ ಮಾತ್ರ ಕಾಯಿ ತುಂಬಿ ತೂಗುತ್ತಿತ್ತು. ಅದನ್ನು ಕೋಲಿಗೆ ಕಟ್ಟಿದ್ದ ಖಾಕಿ ಬಟ್ಟೆಯ ಪಟ್ಟಿ ಎಳೆದು ನೋಡಿ, ಗಟ್ಟಿ ಬಟ್ಟೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡರು.

ಬದನೆ, ಪುದೀನ ಕೆಳಮನೆಯ ಮೇಷ್ಟ್ರ ಬಳಿ ಸಿಕ್ಕವು. ಅದಕ್ಕಾಗಿ ಮೇಷ್ಟ್ರು ತಮ್ಮ ಬೀಳ್ಕೊಡುಗೆಯ ದಿನ ಸಭಿಕರು ಅರ್ಧಕ್ಕೆ ತಡೆದಿದ್ದ ಭಾಷಣವನ್ನು ಪೂರ್ತಿ ಕೇಳಿಸಿದರು. ಸೇವಂತಿಗೆ ಇದ್ದದ್ದು ಮೂಲೆಯ ಬೇಕರಿಯವನ ಹತ್ತಿರ. ಅವನು ಗಲ್ಲಾಪೆಟ್ಟಿಗೆಯ ಮುಂದೆ ಇವರನ್ನು ನಿಲ್ಲಿಸಿ ಮಲಗಲು ಹೋದ. ಎದ್ದು ಬಂದು ನೋಡಿದರೆ ಗಿರಾಕಿಗಳೆಲ್ಲ ಒಲೆಯ ಪಕ್ಕದಲ್ಲಿ ಒತ್ತೊತ್ತಾಗಿ ನಿಂತು ಬೆವರುತ್ತಿದ್ದರು. ಬಾಗಿಲಲ್ಲಿ ಯಾರೂ ನಿಲ್ಲಕೂಡದೆಂದು ಕಂಡಕ್ಟರರು ಒಳಗೆ ಕಳಿಸಿದ್ದರು.

ಒಂದೊಂದೇ ಕುಂಡ ಹೊತ್ತು ಮೆಟ್ಟಿಲು ಹತ್ತುವಾಗ ಮೂವರೂ ಹಿಂದಿನಿಂದ ಸಲಹೆ ಕೊಟ್ಟರು. ಎಲೆ ತಾಗೀತು, ಮೊಗ್ಗು ಜೋಪಾನ. ಕೈ ಮಾತ್ರ ಯಾರೂ ಕೊಡಲಿಲ್ಲ.

ಹೆಂಡತಿ ಟ್ಯಾಕ್ಸಿಯಿಂದಿಳಿದು ನೇರ ಟೆರೇಸಿಗೆ ಬಂದರು. ಸೇವಂತಿಗೆಯ ಕೆನ್ನೆ ಸವರಿದರು. ಟೊಮೆಟೊ ಮುಂದೆ ನಿಂತರು.

"ಈ ಬಟ್ಟೆ ಗುರುತು ಸಿಗ್ಲಿಲ್ವಾ?" ಖಾಕಿ ಪಟ್ಟಿ ಮುಟ್ಟಿ ಕೇಳಿದರು.

"ಗಟ್ಟಿ ಬಟ್ಟೆ."

"ಗಟ್ಟಿ ಇರ್ಲೇಬೇಕು. ನಿಮ್ ಯೂನಿಫಾರ್ಮ್ ಪ್ಯಾಂಟು. ನಾನೇ ಹರಿದು ಕಟ್ಟಿದ್ದು."

ಆ ಪ್ಯಾಂಟಿಗಾಗಿ ಕಂಡಕ್ಟರರು ಬೀರುವನ್ನೇ ಬುಡಮೇಲು ಮಾಡಿ ಹುಡುಕಿದ್ದರು. ಬಾಗಿಲ ಕಡೆ ನೋಡಿದರೆ ನರ್ಸಮ್ಮನಿಗೆ ಮತ್ತೆ ಕೆಮ್ಮು. ಮೇಷ್ಟ್ರು, ಬೇಕರಿಯವ ಆಕಾಶ ನೋಡುತ್ತಿದ್ದರು. ಊರಿಗೆ ಹೊರಡುವ ಮೊದಲೇ ಹೆಂಡತಿ ತಮ್ಮ ಒಳ್ಳೊಳ್ಳೆಯ ಗಿಡಗಳನ್ನು ಈ ಮೂವರ ಮನೆಯಲ್ಲಿ ಬಿಟ್ಟಿದ್ದರಂತೆ. ಇವತ್ತು ಅವರೇ ಹೊತ್ತು ತಂದಿಡಬೇಕಿತ್ತಂತೆ.

"ಹಾಗಾದ್ರೆ ನನ್ ಕೈಗೆ ಕೊಟ್ಟಿದ್ದು?"

"ಕಿತ್ತು ಬಿಸಾಕ್ಬೇಕಿದ್ದ ಪೀಚಲು ಸಸಿ" ಅಂದರು ಹೆಂಡತಿ, ಮೆತ್ತಗೆ. "ಫೋನ್ ಮಾಡಿದ್ರೆ ನೀವು ಊಟ ಆಯ್ತಾ, ಆಯ್ತು, ಇಡ್ಲಾ ಅಂತೀರಿ. ಮಾತಿಗೊಂದು ನೆವ ಬೇಡ್ವಾ? ಮಗು ರಾತ್ರಿಯೆಲ್ಲ ಅಳೋದು. ನಿಮ್ ಟೊಮೆಟೊ ನೆನೆಸ್ಕೊಂಡು ನಗ್ತಾ ಎತ್ಕೊಂಡು ತಿರುಗ್ತಿದ್ದೆ ರೀ. ಇವತ್ತೇನು ಬಿಟ್ಟಿರತ್ತೋ ಅಂತ ಸಂಜೆಗೇ ಕಾಯ್ತಿದ್ದೆ."

ಕಂಡಕ್ಟರರಿಗೆ ಬೈಯಬೇಕೋ ಕಣ್ಣೊರೆಸಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಡಿಕ್ಕಿ ತುಂಬ ಕುಂಡಗಳು: ಬಾಡಿದ ಗುಲಾಬಿ, ಬೋಳು ಮಲ್ಲಿಗೆ.

"ಮಗಳು ಮಾತ್ರ ಎಲ್ಲಾ ನಂಬಿದಾಳೆ" ಅಂದರು ಹೆಂಡತಿ. "ಅಪ್ಪನ ಕೈಗುಣಕ್ಕೆ ಬದುಕ್ಕೊಳ್ಳತ್ತೆ ಅಂತ ಕಳಿಸಿದಾಳೆ. ನಾನು ಮುಟ್ಟಲ್ಲಪ್ಪ."

ಕುಂಡ ಇಳಿಸುವ ಮೊದಲೇ ಫೋನು ಬಂತು. "ಅಪ್ಪಾ, ಗುಲಾಬಿ ಹೇಗಿದೆ?"

ಕಂಡಕ್ಟರರು ಗುಲಾಬಿಯನ್ನು ನೋಡಿದರು. ಅದು ನೆಲ ನೋಡುತ್ತಿತ್ತು. ನಿಜ ಹೇಳಲು ಬಾಯಿ ತೆರೆದರು. ಹೆಂಡತಿ ಕಿವಿಯ ಹತ್ತಿರ ಬಗ್ಗಿ "ಚಿಗುರ್ತಿದೆ ಅನ್ನಿ" ಎಂದು ಪಿಸುಗುಟ್ಟಿದರು.

"ಚಿಗುರ್ತಿದೆ ಮಗಳೇ."

"ಹೌದಾ! ಹಾಗಾದ್ರೆ ಉಳಿದಿದ್ದನ್ನೂ ಕಳಿಸ್ಲಾ ಅಪ್ಪಾ? ಜಾಗ ಇದ್ಯಾ?"

ಹೆಂಡತಿ ಗಾಬರಿಯಿಂದ ಎರಡೂ ಕೈ ಆಡಿಸಿದರು. ಆದರೆ ನಾಲಿಗೆಗೆ ಅಂಟಿದ ಅಭ್ಯಾಸ ಯಾರ ಮಾತು ಕೇಳುತ್ತದೆ?

"ಹಿಂದೆ ಜಾಗ ಇದೆ" ಅಂದರು ಕಂಡಕ್ಟರರು. "ಎಷ್ಟಿದ್ರೂ ಬರ್ಲಿ."