ಗಿರಣಿ ಅತ್ತೆಯ ದಂಡು

ನಮ್ಮ ಸೋದರತ್ತೆ ದಿನಕ್ಕೆ ಕನಿಷ್ಠ ಹತ್ತು ಯುದ್ಧ ಮಾಡುತ್ತಾರೆ. ಮಿಕ್ಕ ಹೊತ್ತಿನಲ್ಲಿ ಚನ್ನಗಿರಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಒಂದು ಕಾಲದಲ್ಲಿ ಗಿರಣಿಯೇ ಅವರ ಮುಖ್ಯ ಕಸುಬಾಗಿತ್ತೆಂದು ಹಳೆಯ ಗಿರಾಕಿಗಳು ನೆನೆಯುತ್ತಾರೆ.

ಯುದ್ಧ ನಡೆಯುವುದು ಮೊಬೈಲಿನಲ್ಲಿ. ಆಡುವವರ ಕೈಯಲ್ಲಿ ಎಂಟು ಕಾರ್ಡು: ಒಂದರಲ್ಲಿ ಕಾಲಾಳು, ಒಂದರಲ್ಲಿ ಕುದುರೆ, ಒಂದರಲ್ಲಿ ಫಿರಂಗಿ, ಹೀಗೆ. ಸಮಯ ನೋಡಿ ಒಂದೊಂದನ್ನೇ ಇಳಿಸಿ ಎದುರಾಳಿಯ ಕೋಟೆ ಕೆಡವಬೇಕು. ಎದುರಾಳಿ ಯಾವ ದೇಶದವನೋ ಯಾರಿಗೆ ಗೊತ್ತು? ಅವನೂ ಎಲ್ಲೋ ಮೊಬೈಲು ಹಿಡಿದು ಕೂತಿರುತ್ತಾನೆ. ಮೂರು ನಿಮಿಷದಲ್ಲಿ ಇಬ್ಬರಲ್ಲಿ ಒಬ್ಬರ ಕಥೆ ಮುಗಿಯುತ್ತದೆ.

ಅರವತ್ತೆರಡರ ಅತ್ತೆಗೆ ಈ ಆಟ ಕಲಿಸಿದ ಪುಣ್ಯಾತ್ಮ ನಾನೇ. ನ್ಯಾಮತಿಯಲ್ಲಿ ಮೇಷ್ಟ್ರಾಗಿರುವ ನನಗೆ ಕಲಿಸುವುದು ಚಟ. ಎರಡನೇ ವಾರಕ್ಕೇ ಅವರು ನನ್ನನ್ನು ಸೋಲಿಸಿದರು.

"ನೀನು ಫಿರಂಗೀನ ಮೊದ್ಲೇ ಇಳಿಸ್ತೀಯ. ಊಟಕ್ಕೆ ಕೂತ ಕೂಡ್ಲೆ ಮಜ್ಜಿಗೆ ಅನ್ನ ಕಲಸಿದಂಗೆ ಆತು" ಎಂದರು. ಮೇಷ್ಟ್ರು ಬದಲಾದದ್ದು ಅಂದೇ.

ಉಬ್ರಾಣಿಯ ರೈತರೊಬ್ಬರು ಒಮ್ಮೆ ಗೋಧಿಯನ್ನು ರವೆ ಮಾಡಿಸಲು ತಂದಿದ್ದರು. ಅತ್ತೆ ಎಡಗೈಯಲ್ಲಿ ಗಿರಣಿ, ಬಲಗೈಯಲ್ಲಿ ಕುದುರೆ ನಡೆಸುತ್ತಿದ್ದರು. ಅತ್ತೆ ಯುದ್ಧ ಗೆದ್ದರು. ರೈತರು ಚೀಲ ಬಿಚ್ಚಿ ನೋಡಿದರು.

"ಇದೇನಮ್ಮ, ರವೆ ಕೇಳಿದ್ದೆ, ನುಣ್ಣಗೆ ಹಿಟ್ಟಾಗೈತಲ್ಲ."

"ಉಪ್ಪಿಟ್ಟು ದಿನಾ ತಿಂತೀರಿ. ಇವತ್ತು ಚಪಾತಿ ಮಾಡಿಸ್ಕಳ್ರಿ" ಎಂದು ಅತ್ತೆ ಮುಂದಿನ ಯುದ್ಧಕ್ಕೆ ಹೊರಟರು.

ಜಗಳೂರಿನಲ್ಲಿ ನಮ್ಮ ತಂಗಿಯ ಮದುವೆ. ಎಲ್ಲರೂ ಅಕ್ಷತೆ ಹಿಡಿದು ಮುಹೂರ್ತಕ್ಕೆ ಕಾಯುತ್ತಿದ್ದೆವು. ಮುಂದಿನ ಸಾಲಿನಲ್ಲಿದ್ದ ಅತ್ತೆ ಸೆರಗಿನ ಮರೆಯಲ್ಲಿ ಒಂದು ಕೋಟೆ ಕೆಡವಿದರು. ಕೆಡವಿದ ಖುಷಿಗೆ ಕೈಯಲ್ಲಿದ್ದ ಅಕ್ಷತೆಯನ್ನು ಮೇಲಕ್ಕೆ ಎರಚಿದರು. ಮುಂದಿನವರು ಹಾಕಿದರೆಂದು ಹಿಂದಿನವರು ಹಾಕಿದರು, ಅವರು ಹಾಕಿದರೆಂದು ವಾಲಗದವರು ಗಟ್ಟಿಮೇಳ ಬಾರಿಸಿದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. ಅಯ್ಯನವರು ಮಂತ್ರ ನಿಲ್ಲಿಸಿ ಸಭೆಯನ್ನೇ ದಿಟ್ಟಿಸಿದರು. ಗಾಬರಿಬಿದ್ದ ವರ ತಾಳಿಯನ್ನು ತಾನೇ ಎತ್ತಿಕೊಂಡು ಕಟ್ಟಿಬಿಟ್ಟ. ಸಂಸಾರ ಚೆನ್ನಾಗಿಯೇ ನಡೆದಿದೆ, ಅದಕ್ಕೂ ಅತ್ತೆ ತಾವೇ ಕಾರಣ ಎನ್ನುತ್ತಾರೆ.

ಈ ಆಟದಲ್ಲಿ ಹತ್ತಾರು ಮಂದಿ ಸೇರಿ ಒಂದು ದಂಡು ಕಟ್ಟಿಕೊಳ್ಳಬಹುದು. ಅತ್ತೆ ಆರು ತಿಂಗಳು ಗುದ್ದಾಡಿ ಒಂದು ದೊಡ್ಡ ದಂಡಿನಲ್ಲಿ ಉಪನಾಯಕರಾದರು. ಆಟದಲ್ಲಿ ಅವರ ಹೆಸರು 'ಗಿರಣಿ'. ಮುಖ ಕಾಣದ ಆ ದಂಡಿನವರು ಅವರನ್ನು 'ಗಿರಣಿ ಸರ್' ಎಂದೇ ಕರೆಯುತ್ತಿದ್ದರು.

"ಹೆಂಗಸು ಅಂತ ಹೇಳಬಾರದಾ ಅತ್ತೆ?" ಎಂದು ಕೇಳಿದೆ.

"ಹೇಳಿದ್ರೆ ಯುದ್ಧ ನಾವು ಮಾಡ್ತೀವಿ, ನೀವು ಬುತ್ತಿ ಕಟ್ರಿ ಅಂತಾರೆ. ಸುಮ್ನಿರು."

ಹೋದ ತಿಂಗಳು ಎರಡು ದಂಡುಗಳ ನಡುವೆ ದೊಡ್ಡ ಪಂದ್ಯ ಬಂತು. ಸರಿಸಮವಾಗಿ ಸಾಗಿ, ಕೊನೆಯ ಆಟ ಅತ್ತೆಯ ಪಾಲಿಗೆ ಬಿತ್ತು. ಅಂದು ಮಧ್ಯಾಹ್ನ ಗಿರಣಿಗೆ ಬೀಗ. ನಾನೂ ನ್ಯಾಮತಿಯಿಂದ ಬಂದು ಮನೆಯ ಪಡಸಾಲೆಯಲ್ಲಿ ಅವರ ಪಕ್ಕ ಕೂತೆ. ಅತ್ತೆ ಅದ್ಭುತವಾಗಿ ಆಡಿದರು. ಅತ್ತೆಯ ಕೋಟೆಯೂ ಬಿರುಕು ಬಿಟ್ಟಿತ್ತು, ಆದರೆ ಎದುರಾಳಿಯದು ಇನ್ನೊಂದು ಏಟಿಗೆ ಬೀಳುವಂತಿತ್ತು. ಅಷ್ಟರಲ್ಲಿ ಆ ಕಡೆಯಿಂದ ಕಾರ್ಡು ಬರುವುದೇ ನಿಂತಿತು.

"ನೆಟ್ ಹೋಗಿರಬೇಕು. ಕುದುರೆ ಬಿಡಿ ಅತ್ತೆ, ಮುಗೀತು" ಎಂದೆ.

ಅತ್ತೆ ತೆರೆಯಿಂದ ಬೆರಳು ತೆಗೆದರು. "ತಡಿ."

"ಅತ್ತೆ, ಟೈಮ್ ಓಡ್ತಾ ಐತೆ."

"ತಡಿ ಅಂದ್ನಲ್ಲ."

ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಅವರು ಕೈಕಟ್ಟಿ ಕೂತರು. ಆಮೇಲೆ ಎದುರಾಳಿ ಬಂದ. ಬಂದವನು ಕೃತಜ್ಞತೆಯನ್ನೇನೂ ಹೇಳಲಿಲ್ಲ, ಫಿರಂಗಿ ಇಳಿಸಿ ಅತ್ತೆಯ ಕೋಟೆ ಉರುಳಿಸಿದ. ಸಂಜೆಯೊಳಗೆ ದಂಡಿನವರು 'ಗಿರಣಿ ಸರ್' ಅವರನ್ನು ಹೊರಹಾಕಿದರು. ಅತ್ತೆ ಆ ಸಂದೇಶವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

ನನಗೆ ಸಿಟ್ಟು ಬಂದಿತ್ತು. "ಆರು ತಿಂಗಳ ಕಷ್ಟ ಹೋಯ್ತಲ್ಲ. ಅವನು ಯಾರೋ ಏನೋ, ಅವನಿಗೋಸ್ಕರ ಯಾಕೆ ಕಾದ್ರಿ?"

ಅತ್ತೆ ಕನ್ನಡಕ ಹಾಕಿಕೊಂಡರು. ಮಾವ ತೀರಿಕೊಂಡು ಏಳು ವರ್ಷವಾಗಿದೆ. ಆ ದಿನದ ಬಗ್ಗೆ ಅತ್ತೆ ಯಾರೊಂದಿಗೂ ಮಾತಾಡಿದವರಲ್ಲ.

"ನಿಮ್ಮ ಮಾವನೋರು ಇಲ್ಲೇ ಕೂತು ಏನೋ ಹೇಳ್ತಾ ಹೇಳ್ತಾ ಸುಮ್ಮನಾದ್ರು. ನನ್ನ ಮೇಲೆ ಸಿಟ್ಟು ಬಂದೈತೆ ಅಂದ್ಕಂಡು ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ಬಸಿದು ಬಂದು ನೋಡ್ತೀನಿ, ಜೀವ ಇರಲಿಲ್ಲ. ಅವತ್ತಿಂದ ಯಾರಾದ್ರೂ ಇದ್ದಕ್ಕಿದ್ದಂಗೆ ಸುಮ್ಮನಾದ್ರೆ ನನಗೆ ಮುಂದಕ್ಕೆ ಹೋಗಾಕೆ ಆಗಲ್ಲ ಕಣಪ್ಪ. ಇವನು ವಾಪಸ್ ಬಂದ್ನಲ್ಲ, ಅಷ್ಟು ಸಾಕು."

ಅತ್ತೆ ಮೊಬೈಲು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಯಾಕೋ ಸುಮ್ಮನಾದೆ?"

ನಾನು ಬಾಯಿ ಬಿಡುವವರೆಗೂ ಅವರು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಇದ್ದೀನಿ ಅತ್ತೆ" ಎಂದೆ.