ನಲವತ್ತೊಂದು ಐಸ್ ಕಾರ್ಖಾನೆಗಳು

ಪರವಾನಗಿ ಕಚೇರಿಯ ಪ್ರೋಗ್ರಾಮನ್ನು ಹಳೆಯ ಕಂಪ್ಯೂಟರ್ ಭಾಷೆಯಿಂದ ಹೊಸ ಕಂಪ್ಯೂಟರ್ ಭಾಷೆಗೆ ಬದಲಾಯಿಸತಕ್ಕದ್ದೆಂದೂ, ಈ ಬದಲಾವಣೆಯಿಂದ ಏನೂ ಬದಲಾಗತಕ್ಕದ್ದಲ್ಲವೆಂದೂ ಆದೇಶ ಹೊರಟಿತು.

ನನ್ನದು ಬೀಗದ ಅಂಗಡಿ. ತಿಂಗಳ ಕೊನೆಯೊಳಗೆ ಪರವಾನಗಿ ನವೀಕರಣವಾಗದಿದ್ದರೆ ಅಂಗಡಿಗೆ ಬೀಗ ಜಡಿಯುತ್ತಾರೆ. ಅದೂ ನನ್ನಲ್ಲೇ ಕೊಂಡ ಬೀಗ. ಗಟ್ಟಿ ಮಾಲು, ನನ್ನಿಂದಲೂ ಒಡೆಯಲಾಗದು. ಹಾಗಾಗಿ ಕಚೇರಿಗೆ ಓಡಿದೆ.

ಹೊಸ ಭಾಷೆಯಲ್ಲಿ ಪ್ರೋಗ್ರಾಂ ಬರೆದ ಹೆಣ್ಣುಮಗಳು ಗುಂಡಿ ಒತ್ತಿದಳು. ಎರಡೇ ಸೆಕೆಂಡಿಗೆ ನನ್ನ ಪರವಾನಗಿ ಹೊರಬಿತ್ತು. ಹಳೆಯದು ಮೂವತ್ತೈದು ನಿಮಿಷ ಗುರುಗುಟ್ಟಿ ಇನ್ನೊಂದು ಪ್ರತಿಯನ್ನು ಹೆತ್ತಿತು. ಹೋಲಿಕೆ ಅಧಿಕಾರಿಗಳು ನಿಯಮದಂತೆ ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬೆಳಕಿನಲ್ಲಿ ಅಕ್ಷರದ ಮೇಲೆ ಅಕ್ಷರ ಕೂರಬೇಕು.

"ಕೂರ್ತಿಲ್ಲ. ಹಳೇದರಲ್ಲಿ ಐಸ್ ಕಾರ್ಖಾನೆ ಅಂತಿದೆ. ನಿಂದರಲ್ಲಿ ಬೀಗದ ಅಂಗಡಿ ಅಂತಿದೆಯಲ್ಲಮ್ಮ?"

"ಸಾರ್, ಅವರದು ಬೀಗದ ಅಂಗಡೀನೇ. ಪಟ್ಟೀಲಿ ಇಲ್ಲದ ಕಸುಬಿಗೆಲ್ಲ ಹಳೇ ಪ್ರೋಗ್ರಾಂ ಕೊನೇ ಸಾಲಿನ ಹೆಸರು ಹಾಕಿಬಿಡ್ತಿತ್ತು. ಕೊನೇ ಸಾಲಲ್ಲಿ ಐಸ್ ಕಾರ್ಖಾನೆ ಇದೆ. ನಾನು ಸರಿ ಮಾಡ್ದೆ."

"ಸರಿ ಮಾಡು ಅಂತ ಆದೇಶದಲ್ಲಿ ಎಲ್ಲಿದೆ?"

ಆಕೆ ಹುಡುಕಿದಳು. ಎಲ್ಲೂ ಇರಲಿಲ್ಲ.

ಐಸ್ ಕಾರ್ಖಾನೆಯ ಆ ಪರವಾನಗಿಯನ್ನೇ ಹದಿನಾಲ್ಕು ವರ್ಷದಿಂದ ಗೋಡೆಗೆ ತೂಗುಹಾಕಿದ್ದೇನೆ. ನಾನು ಓದಿರಲಿಲ್ಲ, ಕೊಟ್ಟವರೂ ಓದಿರಲಿಲ್ಲ. ಪರವಾನಗಿ ಇರುವುದೇ ತೂಗುಹಾಕಲು.

"ಸ್ವಾಮಿ, ಏನಾದರೂ ಮಾಡಿ, ಅಂಗಡಿ ಮುಚ್ಚಿಹೋಗುತ್ತೆ," ಎಂದೆ.

"ಇರಿ ಯಜಮಾನ್ರೇ. ಹೊಸದರಲ್ಲಿ ಇನ್ನೂ ಒಂದು ಕೊರತೆ ಇದೆ. ಮೂವತ್ತನಾಲ್ಕು ನಿಮಿಷ ಐವತ್ತೆಂಟು ಸೆಕೆಂಡು ಕಮ್ಮಿ ಬಿದ್ದಿದೆ."

ಸಂಜೆಯೊಳಗೆ ತುಲನಾತ್ಮಕ ವರದಿ ಸಿದ್ಧವಾಯಿತು: ಹಳೆಯ ಭಾಷೆ ತಪ್ಪಿದರೂ ಅನುಭವಸ್ಥ, ಹೊಸ ಭಾಷೆ ಸರಿಯಿದ್ದರೂ ಎಳಸು. ಹೆಣ್ಣುಮಗಳು ತಪ್ಪನ್ನು ಮರಳಿ ಕೂರಿಸಲು ಎರಡು ಸಾಲು, ಸುಮ್ಮನೆ ಕಾಯಲು ಒಂದು ಸಾಲು ಸೇರಿಸಿದಳು. ಮೂವತ್ತೈದು ನಿಮಿಷ ಎಲ್ಲರೂ ಭಕ್ತಿಯಿಂದ ಕಾದೆವು. ಕಿಟಕಿಯಲ್ಲಿ ಅಕ್ಷರದ ಮೇಲೆ ಅಕ್ಷರ ಕೂತಿತು. ಅಧಿಕಾರಿಗಳು ಚಪ್ಪಾಳೆ ತಟ್ಟಿದ್ದರಿಂದ ಎರಡೂ ಕಾಗದ ಕೆಳಗೆ ಬಿದ್ದವು.

ಆದರೆ ಈಗ ಅವರು ಓದಿಬಿಟ್ಟಿದ್ದರಲ್ಲ! ಊರಿನಲ್ಲಿ ನಲವತ್ತೊಂದು ಐಸ್ ಕಾರ್ಖಾನೆಗಳಿವೆಯೆಂದು ಗೊತ್ತಾದ ಮೇಲೆ ತಪಾಸಣೆ ಮಾಡದಿರಲಾದೀತೇ? ಐಸ್ ಕಾಣದಿದ್ದಲ್ಲಿ ಪರವಾನಗಿ ರದ್ದು ಎಂದು ಪ್ರಕಟಣೆ ಬಂತು.

ಛತ್ರಿ ರಿಪೇರಿಯವನು, ಪಿಟೀಲು ಮೇಷ್ಟ್ರು, ಹಲ್ಲಿನ ಸೆಟ್ ಮಾಡುವವರು, ಹೀಗೆ ಪಟ್ಟಿಯಲ್ಲಿಲ್ಲದ ಕಸುಬಿನವರೆಲ್ಲರೂ ನನ್ನ ಅಂಗಡಿಗೆ ಬಂದು ತಲೆಮೇಲೆ ಕೈಹೊತ್ತು ಕೂತರು. ನಾನು ಮನೆಯ ಫ್ರಿಜ್ಜಿನಿಂದ ಒಂದು ಟ್ರೇ ಐಸ್ ತಂದೆ.

"ಟ್ರೇ ಕಳೆದು ಬಂದ್ರೋ, ಮನೆ ಸೇರಿಸಲ್ಲ," ಎಂದಳು ಹೆಂಡತಿ.

ಇನ್ಸ್‌ಪೆಕ್ಟರು ಮುಂಬಾಗಿಲಿನಿಂದ ಒಳಬಂದು ಐಸ್ ಮುಟ್ಟಿ, "ತಣ್ಣಗಿದೆ" ಎಂದು ಬರೆದುಕೊಳ್ಳುವರು. ಅವರು ಮುಂಬಾಗಿಲು ದಾಟುವಷ್ಟರಲ್ಲಿ ಟ್ರೇ ಹಿಂಬಾಗಿಲಿನಿಂದ ಪಕ್ಕದ ಅಂಗಡಿ ಸೇರುವುದು. ನಲವತ್ತೊಂದನೆಯ ಅಂಗಡಿ ಹಲ್ಲಿನ ಸೆಟ್ಟಿನವರದು. ಅಲ್ಲಿ ಟ್ರೇಯಲ್ಲಿ ಉಳಿದದ್ದು ನೀರು.

ಇನ್ಸ್‌ಪೆಕ್ಟರಿಗೆ ನಡೆದು ನಡೆದು ಬಾಯಾರಿತ್ತು. ಟ್ರೇ ಎತ್ತಿ ಗಟಗಟ ಕುಡಿದರು.

"ಐಸೇ. ಸ್ವಲ್ಪ ಮೆತ್ತಗಿದೆ," ಎಂದು ಸಹಿ ಹಾಕಿದರು.

ಮಾರನೆಯ ದಿನ ನಾನು ಎರಡನೇ ಟ್ರೇ ಕೊಂಡೆ. ಕಾರ್ಖಾನೆ ಅಂದಮೇಲೆ ಬೆಳೆಸಬೇಕು.